ಕೀಟನಾಶಕ ಹೊಟ್ಟೆಗೆ ಹೋದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿ ಮಾರಮ್ಮನ ಗುಡಿಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಪ್ರಸಾದ ತಿಂದವರು ವಾಂತಿ ಮಾಡಿಕೊಂಡು ಕುಸಿದುಬಿದ್ದರು. ಪ್ರಸಾದದಲ್ಲಿ ಬೆರೆತಿದ್ದದ್ದು ಮೊನೊಕ್ರೊಟೊಫಾಸ್, ಬೆಳೆಗೆ ಹೊಡೆಯುವ ಕೀಟನಾಶಕ. 17 ಜನ ತೀರಿಕೊಂಡರು. ಆದರೆ ಆಸ್ಪತ್ರೆ ಸೇರಿದವರಲ್ಲಿ ಹೆಚ್ಚಿನವರು ಬದುಕಿ ಮನೆಗೆ ಹೋದರು. ಈ ವಿಷಕ್ಕೆ ಚಿಕಿತ್ಸೆ ಇದೆ. ಅದನ್ನು ಹೇಳಲೆಂದೇ ಇವತ್ತು ಬಂದಿದ್ದೇನೆ.

ನಮ್ಮ ನರಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಟ್ಟು ಸ್ನಾಯು, ಗ್ರಂಥಿಗಳಿಂದ ಕೆಲಸ ಮಾಡಿಸುತ್ತವೆ. ಕೆಲಸ ಆದ ಕೂಡಲೇ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್‌ನಂಥ ವಿಷಗಳು ಆ ಕಿಣ್ವವನ್ನೇ ಕೆಡಿಸುತ್ತವೆ. ಆಗ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ವಾಂತಿ, ಭೇದಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಮಾಂಸಖಂಡಗಳು ಅದುರುತ್ತವೆ. ಎಲ್ಲಕ್ಕಿಂತ ಭಯದ್ದು ಎದೆಯೊಳಗೆ ತುಂಬಿಕೊಳ್ಳುವ ನೀರು ಮತ್ತು ಸೋಲುವ ಉಸಿರು.

ಹಾಗಾಗಿ ಮನೆಯವರು ಮೊದಲು ನೋಡಬೇಕಾದದ್ದು ಉಸಿರನ್ನೇ. ನಮ್ಮಲ್ಲಿ ಇನ್ನೂ ಉಪ್ಪುನೀರು, ಹುಣಸೆನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ನನಗೆ ಗೊತ್ತು. ದಯವಿಟ್ಟು ಮಾಡಬೇಡಿ. ಎಚ್ಚರ ತಪ್ಪುತ್ತಿರುವವರಿಗೆ ಆ ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ಎಡ ಮಗ್ಗುಲಿಗೆ ಮಲಗಿಸಿ, ಬಾಯಿ ಒರೆಸಿ. ವಿಷ ಬಿದ್ದ ಬಟ್ಟೆ ತೆಗೆದು, ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು, ಮೈಯನ್ನು ಸೋಪು ಹಾಕಿ ತೊಳೆಯಿರಿ. ಚರ್ಮದಿಂದಲೂ ಇದು ಒಳಗೆ ಹೋಗುತ್ತದೆ. ಆದರೆ ತೊಳೆಯುತ್ತಾ ಕೂತು ಹೊರಡುವುದನ್ನು ತಡ ಮಾಡಬೇಡಿ, 108ಕ್ಕೆ ಕರೆ ಮೊದಲೇ ಹೋಗಿರಲಿ.

ವಿಷದ ಡಬ್ಬಿಯನ್ನು ಜೊತೆಗೆ ತನ್ನಿ. ಪೊಲೀಸ್ ಕೇಸಿಗೆ ಹೆದರಿ ಅದನ್ನು ಬಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಜೀವ ಕಳೆದುಕೊಳ್ಳಲು ಹೊರಟವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ವಿಷದ ಹೆಸರು ಗೊತ್ತಾದರೆ ವೈದ್ಯರಾದ ನಮಗೆ ಅರ್ಧ ದಾರಿ ಸಿಕ್ಕ ಹಾಗೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕದ ಚಿಕಿತ್ಸೆಯೇ ಬೇರೆ. ಅದರಲ್ಲಿ ಬೇಕಿಲ್ಲದೆ ಆಕ್ಸಿಜನ್ ಕೊಟ್ಟರೆ ಶ್ವಾಸಕೋಶ ಇನ್ನಷ್ಟು ಹಾಳಾಗಬಹುದು.

ದೂರದ ದೊಡ್ಡ ಆಸ್ಪತ್ರೆಗೇ ನೇರವಾಗಿ ಓಡಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಅಟ್ರೊಪಿನ್ ಶುರುವಾಗಲಿ. ಹಳೆಯ, ಅಗ್ಗದ ಇಂಜೆಕ್ಷನ್ ಇದು. ದೊಡ್ಡವರಿಗೆ ಸಾಮಾನ್ಯವಾಗಿ 2–3 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ. ಐದು ನಿಮಿಷ ಬಿಟ್ಟು ಎದೆಗೆ ಸ್ಟೆತೊಸ್ಕೋಪ್ ಇಡುತ್ತಾರೆ. ಗೊರಗೊರ ಸದ್ದು ಹೋಗಿಲ್ಲವೆಂದರೆ ಹಿಂದಿನ ಡೋಸಿನ ಎರಡರಷ್ಟು. ಎದೆ ತಿಳಿಯಾಗಿ, ನಾಡಿ, ರಕ್ತದೊತ್ತಡ ಚೇತರಿಸುವವರೆಗೆ ಹೀಗೇ. ಅಷ್ಟೊಂದು ಆಂಪೂಲ್ ಒಡೆಯುವುದನ್ನು ನೋಡಿ ಮನೆಯವರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಔಷಧಿ ಹೆಚ್ಚಾದಾಗ ರೋಗಿ ಏನೇನೋ ಬಡಬಡಿಸಬಹುದು, ಹೊದಿಕೆ ಎಳೆದಾಡಬಹುದು. ಹಾಗಾದರೆ ನರ್ಸ್‌ಗೆ ಹೇಳಿ, ಡೋಸು ಇಳಿಸುತ್ತಾರೆ. ಪ್ಯಾಮ್ ಎಂಬ ಇನ್ನೊಂದು ಔಷಧಿಯೂ ಇದೆ, ಅದರ ಉಪಯೋಗದ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮಾರನೇ ದಿನ ರೋಗಿ ಎದ್ದು ಕೂರುತ್ತಾನೆ, ಮಾತಾಡುತ್ತಾನೆ. "ಸರಿಹೋದ್ನಲ್ಲ, ಡಿಸ್ಚಾರ್ಜ್ ಮಾಡಿ ಸಾರ್" ಅನ್ನುತ್ತಾರೆ ಮನೆಯವರು. ಬೇಡ! ಒಂದರಿಂದ ನಾಲ್ಕು ದಿನದೊಳಗೆ ಕೆಲವರಿಗೆ ಕತ್ತಿನ ಸ್ನಾಯುಗಳು ಸೋಲುತ್ತವೆ, ಆಮೇಲೆ ಉಸಿರಾಟದ ಸ್ನಾಯುಗಳು. ಅದಕ್ಕೇ ನಾವು ದಿನಾ "ದಿಂಬಿನಿಂದ ತಲೆ ಎತ್ತಿ ನೋಡೋಣ" ಅನ್ನುವುದು. ಎತ್ತಲಾಗದಿದ್ದರೆ ವೆಂಟಿಲೇಟರ್ ಬೇಕಾಗಬಹುದು. ಆ ಹೊತ್ತಿಗೆ ಅವರು ಮನೆಯಲ್ಲಿದ್ದರೆ ಏನು ಗತಿ, ಹೇಳಿ?

ವಿಷವನ್ನು ತಾವಾಗಿಯೇ ಕುಡಿದವರು ಮನೆಗೆ ಹೊರಡುವ ಮೊದಲು ಮನೋವೈದ್ಯರ ಜೊತೆ ಮಾತಾಡಲೇಬೇಕು. ಬೈಯಬೇಡಿ, ಕೆದಕಬೇಡಿ, ಜೊತೆಗಿರಿ. ಕೀಟನಾಶಕದ ಡಬ್ಬಿ ಮನೆಯೊಳಗೆ ಬೇಡ. ಮನಸ್ಸು ಕುಗ್ಗಿದಾಗ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ನಮಸ್ಕಾರ.