131 ಕೋಶಗಳ ಸಾವು: ಒಂದು ಮಿಲಿಮೀಟರ್ ಹುಳು ಕಲಿಸಿದ ಪಾಠ

[ತೆರೆಯ ಮೇಲೆ: ಪೆಟ್ರಿ ತಟ್ಟೆಯಲ್ಲಿ ಹರಿದಾಡುವ ಹುಳುಗಳು]

ನಮಸ್ಕಾರ. ಈ ಹುಳುವಿನ ಹೆಸರು ಸಿ. ಎಲೆಗಾನ್ಸ್. ಉದ್ದ ಒಂದು ಮಿಲಿಮೀಟರ್. ಟೊಮೆಟೊ ಗಿಡದ ಬೇರಿಗೆ ಗಂಟು ಕಟ್ಟಿಸುವ ಹುಳು, ಮಕ್ಕಳ ಹೊಟ್ಟೆಯ ಜಂತುಹುಳು, ಇವೆಲ್ಲ ಇದರ ನೆಂಟರೇ. ಆದರೆ ಇದು ಯಾರ ತಂಟೆಗೂ ಹೋಗುವುದಿಲ್ಲ. ಕೊಳೆತ ಹಣ್ಣು, ಎಲೆಗಳ ನಡುವೆ ಬ್ಯಾಕ್ಟೀರಿಯಾ ತಿಂದುಕೊಂಡು ಇರುತ್ತದೆ.

ಈ ಹುಳುವಿನ ಪಾಲಿರುವ ಸಂಶೋಧನೆಗೆ ನಾಲ್ಕು ಸಲ ನೊಬೆಲ್ ಬಂದಿದೆ. 2002, 2006, 2008, 2024. ಇವತ್ತು ಮೊದಲನೆಯದು ಮಾತ್ರ. ನನಗಂತೂ ಅದೇ ಎಲ್ಲಕ್ಕಿಂತ ವಿಚಿತ್ರ.

[ತೆರೆಯ ಮೇಲೆ: ಕೇಂಬ್ರಿಡ್ಜ್, 1960ರ ದಶಕ]

ಒಂದೇ ಕೋಶದಿಂದ ಇಡೀ ಪ್ರಾಣಿ ಹೇಗೆ ಬೆಳೆಯುತ್ತದೆ? ನರಗಳು ಹೇಗೆ ಜೋಡಣೆಯಾಗುತ್ತವೆ? ಜೀವವಿಜ್ಞಾನಿ ಸಿಡ್ನಿ ಬ್ರೆನ್ನರ್ ಅವರಿಗೆ ಇದಕ್ಕೆ ಉತ್ತರ ಬೇಕಿತ್ತು. ಇಲಿಯ ಮೈಯಲ್ಲಿ ಕೋಟಿಗಟ್ಟಲೆ ಕೋಶ. ಯಾರು ಎಣಿಸುತ್ತಾರೆ? ಈ ಹುಳುವಾದರೆ ಮೊಟ್ಟೆಯಿಂದ ಮೂರೂವರೆ ದಿನಕ್ಕೆ ದೊಡ್ಡದಾಗುತ್ತದೆ. ಜೋಡಿಯೇ ಬೇಕಿಲ್ಲ, ಒಂಟಿಯಾಗಿಯೇ ಸುಮಾರು 300 ಮರಿ ಮಾಡುತ್ತದೆ. ಲ್ಯಾಬಿನಲ್ಲಿ ಫ್ರೀಜ್ ಮಾಡಿಟ್ಟು ವರ್ಷಗಳ ಮೇಲೆ ಮತ್ತೆ ಎಬ್ಬಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮೈ ಗಾಜಿನ ಹಾಗೆ ಪಾರದರ್ಶಕ. ಕೊಯ್ಯದೆ, ಜೀವಂತ ಇರುವಾಗಲೇ ಒಳಗೆ ನೋಡಬಹುದು.

ಹಾಗೆ ನೋಡಿದವರು ಬ್ರೆನ್ನರ್ ತಂಡದ ಜಾನ್ ಸಲ್ಸ್ಟನ್. ಮೊಟ್ಟೆಯೊಳಗಿನ ಭ್ರೂಣದಲ್ಲಿ ಯಾವ ಕೋಶ ಯಾವಾಗ ಎರಡಾಗಿ ಒಡೆಯಿತು, ಎಲ್ಲಿಗೆ ಹೋಯಿತು ಅಂತ ಸೂಕ್ಷ್ಮದರ್ಶಕದ ಮುಂದೆ ಕೂತು ಕೈಯಲ್ಲೇ ಚಿತ್ರ ಬರೆದರು. ದಿನಕ್ಕೆ ನಾಲ್ಕು ಗಂಟೆಯ ಎರಡು ಪಾಳಿ, ಸುಮಾರು ಒಂದೂವರೆ ವರ್ಷ! 1983ರಲ್ಲಿ ಕೋಶಗಳ ಆ ವಂಶವೃಕ್ಷ ಪೂರ್ತಿ ಪ್ರಕಟವಾಯಿತು.

[ತೆರೆಯ ಮೇಲೆ: 1090 − 131 = 959]

ಲೆಕ್ಕ ಹೀಗಿದೆ. ವೀರ್ಯ, ಅಂಡಗಳಾಗುವ ಕೋಶಗಳನ್ನು ಬಿಟ್ಟರೆ, ಈ ಹುಳು ಬೆಳೆಯುವಾಗ 1090 ಕೋಶಗಳು ಹುಟ್ಟುತ್ತವೆ. ಕೊನೆಗೆ ಉಳಿಯುವುದು 959. ಮಿಕ್ಕ 131 ಸಾಯುತ್ತವೆ. ರೋಗ ಬಂದಲ್ಲ, ಪೆಟ್ಟು ಬಿದ್ದೂ ಅಲ್ಲ. ಯಾವ ಹುಳು ನೋಡಿದರೂ ಅವೇ ಕೋಶಗಳು, ಅದೇ ಹೊತ್ತಿಗೆ.

ಅಷ್ಟು ಕರಾರುವಾಕ್ಕಾಗಿ ಸಾಯುತ್ತವೆ ಅಂದರೆ ಹಿಂದೆ ಜೀನ್ ಇರಲೇಬೇಕು, ಅಲ್ವಾ? ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ಹಾರ್ವಿಟ್ಜ್ ಅದನ್ನೇ ಹುಡುಕಿದರು. 1986ರಲ್ಲಿ ಅವರ ಲ್ಯಾಬ್ ಎರಡು ಜೀನ್‌ಗಳ ಬಗ್ಗೆ ಬರೆಯಿತು: ಸೆಡ್-3 ಮತ್ತು ಸೆಡ್-4. ಇವುಗಳಲ್ಲಿ ಒಂದು ಕೆಟ್ಟರೂ ಸಾಯಬೇಕಾದ ಕೋಶಗಳು ಬದುಕಿಕೊಳ್ಳುತ್ತವೆ. ತಮಾಷೆ ಅಂದರೆ, ಹುಳು ಹೆಚ್ಚೂಕಡಿಮೆ ಆರಾಮಾಗೇ ಇರುತ್ತದೆ. ಆಮೇಲೆ ಸಿಕ್ಕಿದ್ದು ಸೆಡ್-9. ಇದು ಸಾವನ್ನು ತಡೆಯುವ ಜೀನ್. ಇದು ಕೆಟ್ಟರೆ ಬದುಕಬೇಕಾದವೂ ಸಾಯುತ್ತವೆ.

ಇದೇ ಕೆಲಸ ನಮ್ಮ ಮೈಯಲ್ಲೂ ನಡೆಯುತ್ತದೆ. ಗರ್ಭದಲ್ಲಿ ಮಗುವಿನ ಬೆರಳುಗಳು ಬಿಡಿಬಿಡಿಯಾಗುವುದು ನಡುವಿನ ಕೋಶಗಳು ಹೀಗೆ ಸಾಯುವುದರಿಂದ. ಸೆಡ್-9ಕ್ಕೆ ಸಮನಾದ ಮನುಷ್ಯರ ಜೀನ್ ಬಿಸಿಎಲ್-2. ಅದನ್ನು ಹುಳುವಿನೊಳಗೆ ಇಟ್ಟಾಗ, ಅಲ್ಲೂ ಕೋಶಗಳ ಸಾವನ್ನು ತಡೆಯಿತು! ಈ ಜೀನ್ ಅತಿಯಾಗಿ ಕೆಲಸ ಮಾಡಿದರೆ ಸಾಯಬೇಕಾದ ಕೋಶ ಸಾಯುವುದಿಲ್ಲ. ಕೆಲವು ರಕ್ತ ಕ್ಯಾನ್ಸರ್‌ಗಳಲ್ಲಿ ಆಗುವುದು ಇದೇ. ವೆನೆಟೋಕ್ಲಾಕ್ಸ್ ಎಂಬ ಮಾತ್ರೆ ಈ ಜೀನ್‌ನಿಂದ ತಯಾರಾಗುವ ಬಿಸಿಎಲ್-2 ಪ್ರೋಟೀನನ್ನೇ ತಡೆಯುತ್ತದೆ.

ಸುಮ್ನೆ ಹುಳುವಿಗೆ ಪೂರ್ತಿ ಶ್ರೇಯ ಕೊಡಬೇಡಿ. ಬಿಸಿಎಲ್-2 ಮೊದಲು ಸಿಕ್ಕಿದ್ದು ಕ್ಯಾನ್ಸರ್ ರೋಗಿಗಳ ಕೋಶಗಳಲ್ಲೇ. ಆದರೆ ಯಾವ ಜೀನ್ ಯಾವುದನ್ನು ತಡೆಯುತ್ತದೆ ಅನ್ನುವ ಸರಪಳಿ ಬಿಡಿಸಿಕೊಟ್ಟಿದ್ದು ಹುಳು. ಬ್ರೆನ್ನರ್, ಸಲ್ಸ್ಟನ್, ಹಾರ್ವಿಟ್ಜ್ ಮೂವರಿಗೂ 2002ರ ನೊಬೆಲ್ ಬಂತು.

ಇದರಿಂದ ಎಲ್ಲವೂ ತಿಳಿಯುವುದಿಲ್ಲ. ಹೃದಯ, ಮೂಳೆ, ಶ್ವಾಸಕೋಶ ಯಾವುದೂ ಇದಕ್ಕಿಲ್ಲ. ಇರುವ 302 ನರಕೋಶಗಳ ನಕ್ಷೆ 1986ರಲ್ಲೇ ಬಂದರೂ, ಹುಳು ಮುಂದೆ ಏನು ಮಾಡುತ್ತದೆ ಅಂತ ಆ ನಕ್ಷೆ ನೋಡಿ ಹೇಳಲು ಇನ್ನೂ ಆಗಿಲ್ಲ. ಬೆಂಗಳೂರಿನ ಐಐಎಸ್‌ಸಿ ಸೇರಿ ಎಷ್ಟೋ ಲ್ಯಾಬ್‌ಗಳು ಇದೇ ಹುಳುವಿನ ಮೇಲೆ ಕೆಲಸ ಮಾಡುತ್ತಿವೆ.

ಮುಂದಿನ ವಿಡಿಯೋದಲ್ಲಿ 2024ರ ನೊಬೆಲ್. ಲಿನ್-4 ಅನ್ನುವ ಪುಟ್ಟ ಜೀನ್ 1993ರಲ್ಲಿ ಸಿಕ್ಕಾಗ ಅದು ಈ ಹುಳುವಿಗೆ ಮಾತ್ರ ಸೇರಿದ್ದು ಅಂತ ಎಷ್ಟೋ ಜನ ಪಕ್ಕಕ್ಕಿಟ್ಟಿದ್ದರು. ಅದರ ಕಥೆ ಹೇಳುತ್ತೇನೆ.