ಹಳೆಯ ಹಲ್ಲುಗಳಲ್ಲಿ ಸಿಗುವ ಊಟದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಶಿರಸಿಯವರು ಹಲ್ಲಿನ ವಿಷಯ ಮಾತಾಡಿ ಅಂತ ಕರೆದಿದ್ದೀರಿ, ಅದೂ ಊಟಕ್ಕೆ ಮುಂಚೆ. ಬೇಗ ವಿಷಯಕ್ಕೆ ಬರುತ್ತೇನೆ.

ನಾನು ಹಲ್ಲಿನ ಡಾಕ್ಟರು. ಬಾಯಿ ತೋರಿಸಲು ಬಂದವರಲ್ಲಿ ಬಹಳ ಜನ ಒಂದು ಮಾತು ಹೇಳುತ್ತಾರೆ. "ನಮ್ಮಜ್ಜಂಗೆ ಎಂಬತ್ತಾದ್ರೂ ಹಲ್ಲು ಗಟ್ಟಿ ಇತ್ತು ಡಾಕ್ಟ್ರೇ. ಹಿಂದಿನವ್ರ ಊಟನೇ ಬೇರೆ." ನಿಮ್ಮ ಅಜ್ಜನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಿಂದಿನವರು ಅಂದರೆ ಎಷ್ಟು ಹಿಂದಿನವರು? 5,000 ವರ್ಷವೋ, 15,000 ವರ್ಷವೋ? ಅಷ್ಟು ಹಿಂದಿನವರ ಬಾಯನ್ನೂ ಈಗ ಪರೀಕ್ಷೆ ಮಾಡುತ್ತಾರೆ. ಅಲ್ಲಿ ಸಿಗುವ ಸಂಗತಿಗಳನ್ನು ನೋಡಿದರೆ ಈ ಮಾತು ಅಷ್ಟು ಸಲೀಸಾಗಿ ಒಪ್ಪುವಂಥದ್ದಲ್ಲ.

ಮೊದಲು, ಹಲ್ಲೇ ಯಾಕೆ? ನಮ್ಮ ಕಾರವಾರ, ಅಂಕೋಲಾ, ಕುಮಟಾ ಕಡೆಯ ಮಣ್ಣು ನೋಡಿ. ಜಂಬಿಟ್ಟಿಗೆ, ಹುಳಿ ಮಣ್ಣು, ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಇಂಥ ನೆಲದಲ್ಲಿ ಹೂತ ಮೂಳೆ ನಿಧಾನಕ್ಕೆ ಕರಗಿ ಹೋಗುತ್ತದೆ. ಕೊನೆಯವರೆಗೆ ಉಳಿಯುವುದು ಹಲ್ಲಿನ ಮೇಲಿನ ಎನಾಮಲ್. ಅದರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಖನಿಜವೇ. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಬೆಂಕಿಯಲ್ಲಿ ಮಾತ್ರ ಅದರ ಆಟ ನಡೆಯುವುದಿಲ್ಲ. ಚಿತೆಯ ಕಾವಿಗೆ ಎನಾಮಲ್ ಸಿಡಿದು ಚೂರಾಗುತ್ತದೆ, ದವಡೆಯೊಳಗಿನ ಬೇರು ಉಳಿಯುತ್ತದೆ.

ಎನಾಮಲ್‌ಗೆ ಇನ್ನೊಂದು ಗುಣ ಇದೆ. ಮೂಳೆ ಜೀವನಪೂರ್ತಿ ಸವೆದು ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಎನಾಮಲ್ ಹಾಗಲ್ಲ. ಬಾಲ್ಯದಲ್ಲಿ ಒಮ್ಮೆ ಆಯಿತು ಅಂದರೆ ಮುಗಿಯಿತು, ರಿಪೇರಿ ಇಲ್ಲ. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಕೂಡುವ ಹಾಗೆ ಇದರೊಳಗೆ ಸುಮಾರು ಎಂಟು ದಿನಕ್ಕೊಂದು ಗೆರೆ ಕೂಡುತ್ತದೆ. ಮಗು ಹುಟ್ಟಿದ ದಿನದ್ದೂ ಒಂದು ಗೆರೆ ಇದೆ, ಹಾಲುಹಲ್ಲನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಕಾಣುತ್ತದೆ. ಮಗುವಿಗೆ ಜೋರು ಜ್ವರ ಬಂತು, ಇಲ್ಲವೇ ಊರಿಗೆ ಬರ ಬಂತು ಅನ್ನಿ. ಆಗ ಎನಾಮಲ್ ಕಟ್ಟುವ ಕೆಲಸ ನಿಂತು ಹೋಗುತ್ತದೆ. ಹಲ್ಲಿನ ಮೇಲೆ ಅಡ್ಡಲಾಗಿ ಒಂದು ತಗ್ಗು ಗೆರೆ ಉಳಿಯುತ್ತದೆ. ಆ ಮಗು ಬದುಕಿ, ಮುದುಕಾಗಿ ಸತ್ತರೂ ಗೆರೆ ಅಳಿಸುವುದಿಲ್ಲ. ಅದು ಯಾವ ವಯಸ್ಸಿನ ಕಾಯಿಲೆ ಅಂತ ಲೆಕ್ಕ ಹಾಕಬಹುದು. ಎದೆಹಾಲು ಬಿಡಿಸಿದ್ದು ಯಾವಾಗ ಅಂತಲೂ ಹಲ್ಲೇ ಹೇಳುತ್ತದೆ. ನೈಟ್ರೋಜನ್, ಇಂಗಾಲಗಳ ಪರಮಾಣುಗಳಲ್ಲಿ ಕೆಲವು ಮಾಮೂಲಿಗಿಂತ ಸ್ವಲ್ಪ ಭಾರ ಇರುತ್ತವೆ. ಎದೆಹಾಲು ಕುಡಿಯುವ ಮಗುವಿನಲ್ಲಿ ಈ ಭಾರದ ನೈಟ್ರೋಜನ್ ತಾಯಿಗಿಂತ ಜಾಸ್ತಿ ಇರುತ್ತದೆ, ಅನ್ನ ಶುರುವಾದ ಮೇಲೆ ಇಳಿಯುತ್ತದೆ.

ಈಗ ಊಟಕ್ಕೆ ಬರೋಣ. ಭತ್ತ ಒಂದು ರೀತಿಯಲ್ಲಿ ಗಾಳಿಯ ಇಂಗಾಲವನ್ನು ಹೀರಿಕೊಳ್ಳುತ್ತದೆ. ಜೋಳ, ರಾಗಿ, ಕಬ್ಬು ಬೇರೆ ರೀತಿ. ಅವುಗಳಲ್ಲಿ ಭಾರದ ಇಂಗಾಲ ಸ್ವಲ್ಪ ಜಾಸ್ತಿ. ತಿಂದದ್ದು ಹಲ್ಲಿಗೆ ಹೋಗುತ್ತದೆ, ಆದ್ದರಿಂದ ಅನ್ನ ತಿಂದವನ ಹಲ್ಲು ಮತ್ತು ರೊಟ್ಟಿ ತಿಂದವನ ಹಲ್ಲು ಅಳತೆಯಲ್ಲಿ ಬೇರೆ ಬೇರೆ ಕಾಣುತ್ತವೆ. ಆದರೆ ನಮ್ಮ ಜಿಲ್ಲೆಯಂಥ ಕಡೆ ಒಂದು ಪೇಚು ಇದೆ. ಸಮುದ್ರದ ಮೀನಿನಲ್ಲೂ ಭಾರದ ಇಂಗಾಲ ಜಾಸ್ತಿ! ಇಂಗಾಲ ಒಂದನ್ನೇ ನೋಡಿದರೆ ಕುಸುಬಲಕ್ಕಿ ಅನ್ನ, ಬಂಗಡೆ ಸಾರು ಉಂಡ ಕಾರವಾರದವನು ಅರ್ಧ ಜೋಳ ತಿಂದವನ ಹಾಗೆ ಕಾಣಬಹುದು. ಆಗ ನೈಟ್ರೋಜನ್ ನೋಡಬೇಕು. ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತದೆ, ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಭಾರದ ನೈಟ್ರೋಜನ್ ಏರುತ್ತದೆ. ಮೀನು ತಿಂದವನು ಅಲ್ಲಿ ಸಿಕ್ಕಿಬೀಳುತ್ತಾನೆ.

ಹುಟ್ಟಿ ಬೆಳೆದ ಊರೂ ತಿಳಿಯುತ್ತದೆ. ಕಲ್ಲಿನಲ್ಲಿರುವ ಸ್ಟ್ರಾನ್ಷಿಯಂ ಅನ್ನುವ ಲೋಹ ನೀರಿನ ಮೂಲಕ, ಬೆಳೆಯ ಮೂಲಕ ಮಕ್ಕಳ ಹಲ್ಲಿಗೆ ಸೇರುತ್ತದೆ. ನಮ್ಮ ಕಡೆಯ ಬಂಡೆಗಳು ಇನ್ನೂರು ಮುನ್ನೂರು ಕೋಟಿ ವರ್ಷ ಹಳೆಯವು. ಬೆಳಗಾವಿ ದಾಟಿ ಮಹಾರಾಷ್ಟ್ರದ ಕಡೆ ಹೋದರೆ ಕಪ್ಪು ಬಸಾಲ್ಟ್, ಆರೇಳು ಕೋಟಿ ವರ್ಷದ್ದು ಅಷ್ಟೇ. ಎರಡರ ಸ್ಟ್ರಾನ್ಷಿಯಂ ಗುರುತು ಬೇರೆ. ಅಲ್ಲಿ ಬೆಳೆದು ಇಲ್ಲಿಗೆ ಬಂದು ಸತ್ತವನು ಬಾಯಿ ಮುಚ್ಚಿಕೊಂಡಿದ್ದರೂ ಹಲ್ಲು ಸುಮ್ಮನಿರುವುದಿಲ್ಲ.

ನನಗೆ ವೈಯಕ್ತಿಕವಾಗಿ ತುಂಬಾ ಇಷ್ಟವಾದದ್ದು ಹಲ್ಲಿನ ಕಿಟ್ಟ. ಹೌದು, ನೀವು ಕ್ಲೀನಿಂಗ್ ಮಾಡಿಸಿ ತೆಗೆಸುತ್ತೀರಲ್ಲ, ಅದೇ. ಅದು ಕಲ್ಲಾಗುವಾಗ ಬಾಯಲ್ಲಿದ್ದ ಪಿಷ್ಟದ ಕಣ, ಬ್ಯಾಕ್ಟೀರಿಯಾ, ಧೂಳು ಎಲ್ಲವನ್ನೂ ಒಳಗೆ ಹಿಡಿದಿಡುತ್ತದೆ. ನಿಯಾಂಡರ್ತಲ್ ಅಂದರೆ ನಮಗೆ ಹತ್ತಿರದ, ಈಗ ಅಳಿದುಹೋದ ಮನುಷ್ಯ ಜಾತಿ. ಇರಾಕಿನ ಶಾನಿದಾರ್ ಗುಹೆಯ ನಿಯಾಂಡರ್ತಲ್ ಜನರ ಕಿಟ್ಟದಲ್ಲಿ ಬೇಯಿಸಿದ ಧಾನ್ಯದ ಪಿಷ್ಟ ಸಿಕ್ಕಿತು. ಅವರು ಬರೀ ಮಾಂಸ ತಿನ್ನುವವರು ಅನ್ನುವ ನಂಬಿಕೆ ಅಲ್ಲಿಗೆ ಸಡಿಲವಾಯಿತು. ಜರ್ಮನಿಯ ಡಾಲ್‌ಹೈಮ್‌ನ ಸನ್ಯಾಸಿನಿಯರ ಮಠದಲ್ಲಿ ಸುಮಾರು ಸಾವಿರ ವರ್ಷ ಹಿಂದಿನ ಒಬ್ಬ ಹೆಂಗಸಿನ ಕಿಟ್ಟದಲ್ಲಿ ನೀಲಿ ಕಣಗಳಿದ್ದವು. ಪರೀಕ್ಷಿಸಿದರೆ ಲ್ಯಾಪಿಸ್ ಲಾಜುಲಿ! ಆ ಕಾಲಕ್ಕೆ ಅಫ್ಘಾನಿಸ್ತಾನದಿಂದ ಬರುತ್ತಿದ್ದ ದುಬಾರಿ ಬಣ್ಣದ ಕಲ್ಲು. ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡಿಕೊಳ್ಳುತ್ತಾ ಆಕೆ ಧರ್ಮಗ್ರಂಥಗಳಿಗೆ ಚಿತ್ರ ಬರೆಯುತ್ತಿದ್ದಿರಬೇಕು. 2019ರಲ್ಲಿ ಇದು ಪ್ರಕಟವಾದಾಗ, ಅಂಥ ಕೆಲಸ ಗಂಡಸರದ್ದು ಅಂದುಕೊಂಡಿದ್ದವರು ಮತ್ತೆ ಯೋಚಿಸಬೇಕಾಯಿತು.

ಹಲ್ಲಿನೊಳಗಿನ ತಿರುಳಿಗೂ ರಕ್ತ ಹರಿಯುತ್ತದೆ, ಹಾಗಾಗಿ ರಕ್ತದಲ್ಲಿದ್ದ ರೋಗಾಣು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. 1348ರ ಹೊತ್ತಿಗೆ ಲಂಡನ್ನಿನಲ್ಲಿ ಪ್ಲೇಗಿನಿಂದ ಸತ್ತವರ ಹಲ್ಲಿನಿಂದಲೇ 2011ರಲ್ಲಿ ಆ ಬ್ಯಾಕ್ಟೀರಿಯಾದ ಪೂರ್ತಿ ಡಿಎನ್ಎ ಓದಿದರು.

ಸರಿ, ನಿಮ್ಮ ಅಜ್ಜನ ಮಾತಿಗೆ ಬರುತ್ತೇನೆ. ಬೇಸಾಯ ಶುರುವಾದ ಮೇಲೆ ಹುಳುಕು ಜಾಸ್ತಿಯಾಯಿತು ಅನ್ನುವುದು ಒಟ್ಟಾರೆ ನಿಜ. ಪಿಷ್ಟ ಜಾಸ್ತಿ, ಮೆತ್ತಗೆ ಬೇಯಿಸಿದ್ದು ಜಾಸ್ತಿ. ಹರಪ್ಪದ ಹಲ್ಲುಗಳಲ್ಲಿ ಗಂಡಸರಿಗಿಂತ ಹೆಂಗಸರಿಗೆ ಹುಳುಕು ಹೆಚ್ಚು. ಬಸಿರಿನಲ್ಲಿ ಜೊಲ್ಲಿನ ಗುಣ ಬದಲಾಗುವುದೂ ಇದಕ್ಕೆ ಒಂದು ಕಾರಣ ಅನ್ನುತ್ತಾರೆ. ಅಡುಗೆಮನೆಯಲ್ಲಿದ್ದು ಆಗಾಗ ಏನಾದರೂ ಬಾಯಿಗೆ ಹಾಕಿಕೊಳ್ಳುವುದು ಇನ್ನೊಂದು ಅಂತಾರೆ. ಮೊದಲನೆಯದನ್ನು ನನ್ನ ರೋಗಿಗಳಲ್ಲಿ ನಾನೂ ನೋಡುತ್ತೇನೆ. ಎರಡನೆಯದು ಗಂಡಸರು ಕಟ್ಟಿದ ಕಥೆಯೇನೋ ಅಂತ ನನಗೆ ಅನುಮಾನ.

ಆದರೆ ಬೇಸಾಯಕ್ಕೆ ಮುಂಚೆ ಎಲ್ಲರ ಹಲ್ಲೂ ಮುತ್ತಿನಂತಿತ್ತು ಅಂದುಕೊಂಡರೆ ಮೊರಾಕ್ಕೋದ ತಾಫೊರಾಲ್ಟ್ ಗುಹೆ ಅಡ್ಡ ಬರುತ್ತದೆ. ಸುಮಾರು 15,000 ವರ್ಷ ಹಿಂದೆ ಅಲ್ಲಿದ್ದವರು ಬೇಸಾಯ ಗೊತ್ತಿಲ್ಲದವರು. ಸಕ್ಕರೆ ಇಲ್ಲ, ಮೈದಾ ಇಲ್ಲ. ಆದರೂ ಅವರ ಅರ್ಧಕ್ಕಿಂತ ಜಾಸ್ತಿ ಹಲ್ಲುಗಳು ಹುಳುಕು. ಓಕ್ ಮರದ ಕಾಯಿ, ಪೈನ್ ಬೀಜ ಕೂಡಿಟ್ಟು ವರ್ಷವಿಡೀ ತಿನ್ನುತ್ತಿದ್ದರು. ಪಿಷ್ಟ ತುಂಬಿದ, ಅಂಟುವ ತಿನಿಸು. ಎಲ್ಲ ಕಾಡಿನದ್ದೇ, ಎಲ್ಲ ನೈಸರ್ಗಿಕವೇ!

ಹಲ್ಲುನೋವು ಎಷ್ಟು ಹಳೆಯದು ಅಂದರೆ ನಮ್ಮ ಕಸುಬೂ ಅಷ್ಟೇ ಹಳೆಯದು. ಬಲೂಚಿಸ್ತಾನದ ಮೆಹರ್‌ಗಢದಲ್ಲಿ 7,500ರಿಂದ 9,000 ವರ್ಷ ಹಿಂದಿನ ಒಂಬತ್ತು ಜನರ ಬಾಯಲ್ಲಿ ಕೊರೆದ 11 ದವಡೆ ಹಲ್ಲುಗಳು ಸಿಕ್ಕಿವೆ. ಮಣಿಗೆ ತೂತು ಕೊರೆಯುವವರ ಊರು ಅದು. ಅದೇ ಚಕಮಕಿ ಕಲ್ಲಿನ ಮೊನೆಯಿಂದ ಹಲ್ಲನ್ನೂ ಕೊರೆದಿರಬೇಕು. ತೂತಿನ ಅಂಚು ಸವೆದಿದೆ, ಅಂದರೆ ರೋಗಿ ಬದುಕಿ ಆಮೇಲೂ ಅದರಲ್ಲೇ ಅಗಿದಿದ್ದಾನೆ. ಮರಗಟ್ಟಿಸುವ ಇಂಜೆಕ್ಷನ್ ಇಲ್ಲದೆ! ನನ್ನ ಹತ್ರ ಬಂದು ಇಂಜೆಕ್ಷನ್ನಿಗೆ ಹೆದರುವವರಿಗೆ ಈ ಕಥೆ ಹೇಳುತ್ತೇನೆ, ಪ್ರಯೋಜನ ಆಗಿಲ್ಲ.

ಕೊನೆಗೆ ಅಡಿಕೆ. ಶಿರಸಿಯಲ್ಲಿ ನಿಂತು ಅಡಿಕೆ ಬಿಟ್ಟು ಮಾತು ಮುಗಿಸುವಂತಿಲ್ಲ, ಅಲ್ವಾ? ಫಿಲಿಪೀನ್ಸಿನ ಡುಯೋಂಗ್ ಗುಹೆಯಲ್ಲಿ ಸುಮಾರು 4,600 ವರ್ಷ ಹಿಂದೆ ಹೂತವನ ಹಲ್ಲು ಎಲೆ ಅಡಿಕೆಯಿಂದ ಕೆಂಪಾಗಿತ್ತು, ಪಕ್ಕದಲ್ಲಿ ಸುಣ್ಣ ತುಂಬಿದ ಚಿಪ್ಪು ಇತ್ತು. ಥಾಯ್ಲೆಂಡಿನ ನೊಂಗ್ ರಾಚವತ್‌ನಲ್ಲಿ ಇನ್ನೂ ಚೆನ್ನಾದ ಸಂಗತಿ ಸಿಕ್ಕಿತು. ಅಲ್ಲಿ ಸುಮಾರು 4,000 ವರ್ಷ ಹಳೆಯ ಹಲ್ಲಿಗೆ ಕೆಂಪು ಬಣ್ಣವೇ ಇರಲಿಲ್ಲ. ಕಿಟ್ಟ ಕೆರೆದು ನೋಡಿದರೆ ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ರಾಸಾಯನಿಕ ಇತ್ತು. 2025ರಲ್ಲಿ ಪ್ರಕಟವಾಯಿತು. ಆದ್ದರಿಂದ, ಬರುವ ಮುಂಚೆ ಹಲ್ಲು ಉಜ್ಜಿಕೊಂಡು "ಕವಳ ಬಿಟ್ಟೆ ಡಾಕ್ಟ್ರೇ" ಅನ್ನುವವರು ಸ್ವಲ್ಪ ಹುಷಾರಾಗಿರಿ. ಅಡಿಕೆ ಜಗಿಯುವುದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ತೋಟ ಇರುವವರಿಗೆ ಇದು ಕಹಿ ಮಾತು, ನನಗೆ ಗೊತ್ತು. ಬಾಯಿ ತೆರೆಯಲು ಆಗದವರನ್ನು ದಿನಾ ನೋಡುವವನು ಹೇಳದೆ ಇರುವಂತೆಯೂ ಇಲ್ಲ.

ಪ್ರಶ್ನೆಗಳಿದ್ದರೆ ಕೇಳಿ. ಜಗಳಕ್ಕೂ ಸಿದ್ಧ.