ಬಾಡಿ ಬುಷ್: ರಬ್ಬರೋ, ಪಿಯುವೋ?

ಕೇಳುಗರಿಗೆಲ್ಲ ನಮಸ್ಕಾರ. ಆಲೂರು ಕಡೆಯಿಂದ ಶುಂಠಿ ಮೂಟೆ ಹೇರಿಕೊಂಡು ಹಾಸನಕ್ಕೆ ಬರುತ್ತಿರುವ ಪಿಕಪ್ ಡ್ರೈವರ್‌ಗಳು, ಸಕಲೇಶಪುರದ ತೋಟಗಳಲ್ಲಿ ಇಪ್ಪತ್ತೈದು ವರ್ಷದ ಜೀಪನ್ನು ಇನ್ನೂ ಬಿಡದೆ ಓಡಿಸುತ್ತಿರುವವರು, ಗಾಡಿ ಕೆಳಗೆ ಮಲಗಿಕೊಂಡೇ ರೇಡಿಯೊ ಕೇಳುವ ಗ್ಯಾರೇಜ್ ಹುಡುಗರು, ಇವತ್ತಿನ ಮಾತು ನಿಮಗೇ.

ಹಳೇ ಗಾಡಿಗೆ ಬಾಡಿ ಬುಷ್ ಹಾಕಿಸಬೇಕು, ರಬ್ಬರ್ ಹಾಕಿಸೋದಾ, ಪಿಯು ಹಾಕಿಸೋದಾ? ಇದನ್ನು ಕೇಳಿಕೊಂಡು ನನ್ನ ಗ್ಯಾರೇಜಿಗೆ ಬರುವವರು ಈಗ ಜಾಸ್ತಿಯಾಗಿದ್ದಾರೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ದುಡಿಯುವ ಹಳೇ ಗಾಡಿಗೆ ರಬ್ಬರೇ ಹಾಕಿಸಿ. ಒಳ್ಳೇ ರಬ್ಬರ್, ಪೂರ್ತಿ ಸೆಟ್.

ಗಾಡಿಯ ಅಡಿಯಲ್ಲಿ ಉದ್ದಕ್ಕೆ ಎರಡು ಕಬ್ಬಿಣದ ತೊಲೆ ಇರುತ್ತವಲ್ಲ, ಅದು ಚಾಸಿ. ಬಾಡಿಯನ್ನು ನೇರ ಅದರ ಮೇಲೆ ಕೂರಿಸಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಅದಕ್ಕೇ ಅಲ್ಲಲ್ಲಿ ದಪ್ಪ ಬಿಲ್ಲೆ ಇಟ್ಟು, ನಡುವೆ ಬೋಲ್ಟ್ ತೂರಿಸಿ ಬಿಗಿದಿರುತ್ತಾರೆ. ಆ ಬಿಲ್ಲೆಯೇ ಬಾಡಿ ಬುಷ್. ಒಂದು ಚಕ್ರ ಗುಂಡಿಗೆ ಇಳಿದಾಗ ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ. ತಿರುಚಿಕೊಳ್ಳಲೇಬೇಕು, ಅದನ್ನು ಮಾಡಿರುವುದೇ ಹಾಗೆ. ಆ ತಿರುಚು ಬಾಡಿಗೆ ಹತ್ತದ ಹಾಗೆ ನುಂಗಿಕೊಳ್ಳುವುದು ಈ ಬಿಲ್ಲೆಯ ಕೆಲಸ.

ಪಿಯು ಅಂದರೆ ಪಾಲಿಯುರೆಥೇನ್. ಕೆಂಪು, ಹಳದಿ ಬಣ್ಣದಲ್ಲಿ ಥಳಥಳ ಅನ್ನುತ್ತದೆ ಅಂತ ನಿನ್ನೆ ಮೊನ್ನೆ ಬಂದದ್ದು ಅಂದುಕೊಳ್ಳಬೇಡಿ. ಜರ್ಮನಿಯಲ್ಲಿ ಆಟ್ಟೊ ಬೇಯರ್ ಮತ್ತು ಜೊತೆಯವರು 1937ರಲ್ಲೇ ಕಂಡುಹಿಡಿದದ್ದು ಅದು. ನೀವು ಕೂತಿರುವ ಸೀಟಿನ ಫೋಮ್ ಕೂಡ ಅದೇ ಜಾತಿ. ಬುಷ್‌ಗೆ ಹಾಕುವ ಪಿಯು ಮಾತ್ರ ಗಟ್ಟಿ. ಗಡಸುತನ ಅಳೆಯಲು ಶೋರ್ ಎ ಅಂತ ಒಂದು ಲೆಕ್ಕ ಇದೆ. ರಬ್ಬರ್ ಬುಷ್ 50ರಿಂದ 70ರ ಆಸುಪಾಸು ಬರುತ್ತದೆ, ಪಿಯು 80, 90. ನಿಮ್ಮ ಟೈರಿನ ರಬ್ಬರಿಗಿಂತಲೂ ಗಟ್ಟಿ ಅಂದ ಹಾಗಾಯಿತು. ಅಷ್ಟು ಗಟ್ಟಿಯಾದದ್ದು ಏನನ್ನು ನುಂಗೀತು, ಹೇಳಿ?

ಮೂಡಿಗೆರೆ ಕಡೆಯ ಒಬ್ಬ ಹುಡುಗ. ಅವರಪ್ಪನ ಕಾಲದ ಪಿಕಪ್. "ಅಣ್ಣಾ, ಹಂಪ್ ಇಳಿದಾಗ ಎಲ್ಲೋ ಟಕ್ ಅನ್ನುತ್ತೆ" ಅಂತ ಬಂದ. ಅಷ್ಟರಲ್ಲಿ ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದ, ಸ್ಪ್ರಿಂಗ್ ಪ್ಲೇಟಿನ ಬುಷ್ ಬದಲಾಯಿಸಿದ್ದ. ಟಕ್ ಮಾತ್ರ ಹೋಗಿರಲಿಲ್ಲ. ಅವನನ್ನು ಬಂಪರ್ ಮೇಲೆ ಹತ್ತಿಸಿ ಕುಣಿ ಅಂದೆ. ನಾನು ಕೆಳಗೆ ಮಲಗಿ ಬಾಡಿಗೂ ಚಾಸಿಗೂ ನಡುವೆ ಬೆರಳಿಟ್ಟೆ. ಅವನು ಕುಣಿದಾಗ ಬೆರಳು ಕಚ್ಚಿತು. ಅಷ್ಟೇ, ರೋಗ ಸಿಕ್ಕಿತು.

ಟಾರ್ಚ್ ಬಿಟ್ಟು ನೋಡಿದರೆ ಒಂದು ಕಡೆ ಬುಷ್ ಪುಡಿಪುಡಿ. ಇನ್ನೊಂದು ಕಡೆ ಯಾರೋ ಪುಣ್ಯಾತ್ಮರು ಟೈರ್ ತುಂಡು ಕತ್ತರಿಸಿ ಇಟ್ಟಿದ್ದರು, ಅದರ ದಾರ ಗಡ್ಡದ ಹಾಗೆ ನೇತಾಡುತ್ತಿತ್ತು. ಮೂರನೆಯದರಲ್ಲಿ ಹವಾಯಿ ಚಪ್ಪಲಿ! ಸುಳ್ಳಲ್ಲ. ಹೆಬ್ಬೆರಳ ಹತ್ತಿರ ಪಟ್ಟಿಯ ತೂತು ಇರುತ್ತಲ್ಲ, ಅದನ್ನೇ ದೊಡ್ಡದು ಮಾಡಿ ಬೋಲ್ಟ್ ತೂರಿಸಿದ್ದರು.

ಪೂರ್ತಿ ಸೆಟ್ ರಬ್ಬರ್ ಹಾಕೋಣ ಅಂದೆ. ಹುಡುಗ ಮೊಬೈಲ್ ತೆಗೆದ. ಯಾವುದೋ ದೇಶದಲ್ಲಿ ಬಂಡೆ ಹತ್ತುವ ಗಾಡಿಗೆ ಪಿಯು ಹಾಕಿದ ವಿಡಿಯೊ. "ಇದು ಲೈಫ್‌ಲಾಂಗ್ ಬರುತ್ತಂತೆ ಅಣ್ಣಾ." ನಿನ್ನ ಗಾಡಿ ಬಂಡೆ ಹತ್ತುತ್ತಾ, ಕಾಫಿ ಮೂಟೆ ಹೊರುತ್ತಾ ಅಂತ ಕೇಳಿದೆ. ಕೇಳಲಿಲ್ಲ. ಕೆಂಪು ಸೆಟ್ ತರಿಸಿದ, ಹಾಕಿಕೊಟ್ಟೆ. ಮೊದಲ ವಾರ ಫೋನ್ ಮಾಡಿ ಒಂದೇ ಹೊಗಳಿಕೆ. ಗಾಡಿ ಟೈಟ್ ಆಗಿದೆ, ತಿರುವಿನಲ್ಲಿ ಓಲಾಡೋದೇ ಇಲ್ಲ ಅಂತ.

ಮೂರನೇ ವಾರ ಅಜ್ಜಿಯನ್ನು ಕೂರಿಸಿಕೊಂಡು ಬಂದ. ಅಜ್ಜಿ ಇಳಿದವರೇ ನನ್ನನ್ನು ಬೈದರು. "ಏನ್ ಹಾಕಿದ್ದೀಯಪ್ಪಾ ಇದಕ್ಕೆ? ಕೂತ್ರೆ ನನ್ನ ಹಲ್ಲುಸೆಟ್ಟು ಲಟಲಟ ಅಂತದೆ." ನಾನೂ ಓಡಿಸಿ ನೋಡಿದೆ. ಎಂಜಿನ್ ನಡುಕವೆಲ್ಲ ಬಾಡಿಗೆ ಬಂದಿತ್ತು. ಸೈಡ್ ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಾಣುತ್ತಿತ್ತು. ಆಗಲೂ ಹುಡುಗ ಒಪ್ಪಲಿಲ್ಲ. ಮಳೆಗಾಲ ಕಳೆದ ಮೇಲೆ ಮ್ಯಾಟ್ ಎತ್ತಿ ನೋಡಿದರೆ, ಎಡಗಡೆ ಬುಷ್ ಕೂರುವ ಜಾಗದ ಪಕ್ಕ, ಹಳೇ ವೆಲ್ಡಿಂಗ್ ತೇಪೆಯ ಅಂಚಿನಲ್ಲಿ ಬೆರಳುದ್ದ ಬಿರುಕು. ಬುಷ್ ನುಂಗಬೇಕಾದ ಏಟನ್ನು ತುಕ್ಕು ಹಿಡಿದ ತಗಡು ತಿಂದಿತ್ತು. ತಗಡು ಕತ್ತರಿಸಿ ಹೊಸ ಪ್ಲೇಟ್ ಕೂರಿಸಿ, ರಬ್ಬರ್ ಹಾಕಿದೆವು. ಅಜ್ಜಿ ಅದೇ ಗಾಡಿಯಲ್ಲಿ ಹೊರನಾಡಿಗೆ ಹೋಗಿ ಬಂದರು. ನನಗೂ ಪ್ರಸಾದ ಬಂತು.

ಕತೆಯಲ್ಲೇ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಪಿಯು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆಯಿಲ್, ಡೀಸೆಲ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಪಿಯು ತಡೆದುಕೊಳ್ಳುತ್ತದೆ. ರ್‍ಯಾಲಿ ಓಡಿಸುವವರು, ಬಾಡಿ ಬಿಚ್ಚಿ ತಗಡೆಲ್ಲ ಹೊಸದು ಮಾಡಿದವರು ಹಾಕಿಕೊಳ್ಳಲಿ. ಆದರೆ ಆಯಿಲ್ ಸೋರುತ್ತೆ ಅಂತ ಪಿಯು ಹಾಕಿಸಬೇಡಿ, ಸೋರೋದನ್ನು ನಿಲ್ಲಿಸಿ! ಇನ್ನೊಂದು ಮಾತು. ಮಳೆಗಾಲವಿಡೀ ಬೀರುವಿನಲ್ಲಿಟ್ಟ ಶೂ ತೆಗೆದು ಹಾಕಿಕೊಂಡ ದಿನವೇ ಅಟ್ಟೆ ರೊಟ್ಟಿ ಚೂರಿನ ಹಾಗೆ ಉದುರಿದ್ದು ನೋಡಿದ್ದೀರಲ್ವಾ? ಅದೂ ಪಿಯುವೇ. ತೇವಕ್ಕೆ ಹಾಗೆ ಕಳಚಿಕೊಳ್ಳುವ ಜಾತಿಯೂ ಅದರಲ್ಲಿ ಇದೆ. ನಮ್ಮದು ಮಲೆನಾಡು. ಬಣ್ಣ ನೋಡಿ ಅಗ್ಗದ ಸೆಟ್ ತರಬೇಡಿ.

ರಬ್ಬರ್ ಹಾಕಿಸುವಾಗ ಒಂದು ಹೊಸದು, ಮೂರು ಹಳೇದು ಅಂತ ಮಾಡಬೇಡಿ. ಬಾಡಿ ಒಂದು ಕಡೆ ಎದ್ದು ನಿಂತು ಬಾಗಿಲು ಹಾಕಲು ಬರಲ್ಲ. ಪೂರ್ತಿ ಸೆಟ್ ಹಾಕಿ, ವಾಷರ್, ಒಳಗಿನ ಕೊಳವೆ ಸಮೇತ. ಹಳೇದನ್ನು ತೆಗೆದಾಗ ಅದು ಕೂತಿದ್ದ ಜಾಗದ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಒಳಗೆ ಇಳಿದರೆ ಮೊದಲು ವೆಲ್ಡಿಂಗ್, ಆಮೇಲೆ ಬುಷ್. ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಕಡೆ ಬಿಚ್ಚಿ, ಇನ್ನೊಂದು ಕಡೆ ಸುಮ್ನೆ ಸಡಿಲ ಮಾಡಿ. ಜಾಕ್ ಮೇಲೆ ಮರದ ಹಲಗೆ ಇಟ್ಟು ನಿಧಾನ ಎತ್ತಿ. ಎತ್ತುವಾಗ ಒಬ್ಬ ಬಾನೆಟ್ ಹತ್ತಿರ ನಿಂತು ರೇಡಿಯೇಟರ್ ಹೋಸ್, ಫ್ಯಾನು, ಸ್ಟೀರಿಂಗ್ ರಾಡ್, ಅರ್ತ್ ವೈರ್ ಎಳೆಯುತ್ತಿವೆಯಾ ಅಂತ ನೋಡುತ್ತಿರಲಿ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಇನ್ನೊಂದು ಸಲ ಸ್ಪ್ಯಾನರ್ ಹಾಕಿ.

ಅಂದ ಹಾಗೆ, ಬೋಲ್ಟ್ ತುಕ್ಕು ಹಿಡಿದೇ ಇರುತ್ತದೆ. ಬೆಳಗ್ಗೆ ಬಂದು ನೇರ ಪಾನಾ ಹಾಕಿದರೆ ತುಂಡಾಗುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ. ಹಿಂದಿನ ದಿನ ಸಂಜೆಯೇ ಬೋಲ್ಟಿಗೆ ಎಣ್ಣೆ ಬಿಟ್ಟು ಮನೆಗೆ ಹೋಗಿ. ನಮಸ್ಕಾರ.